ಗಣಕಜಾಲದ ಬಳಕೆಯ ದಾಖಲೆ

ಗಣಕಜಾಲದ ಬಳಕೆಯ ದಾಖಲೆ ಎಂದರೆ ಒಂದು ಜಾಲವನ್ನು ಯಾವ ಸಾಧನ ಯಾವ ವೇಳೆಯಲ್ಲಿ ಸೇರಿತು, ಎಷ್ಟು ದತ್ತಾಂಶವನ್ನು ಬಳಸಿತು ಮತ್ತು ಯಾವ ತಾಣಗಳನ್ನು ಸಂಪರ್ಕಿಸಿತು ಎಂಬ ವಿವರಗಳ ಸ್ವಯಂಚಾಲಿತ ದಾಖಲೆ. ರೂಢಿಯಲ್ಲಿ ಇದನ್ನು 'ಲಾಗ್' ಎನ್ನುತ್ತಾರೆ. ಕಚೇರಿಗಳು, ಕಾಲೇಜುಗಳು, ಸೈಬರ್ ಕೆಫೆಗಳು ಹಾಗೂ ಅಂತರಜಾಲ ಸೇವಾ ಸಂಸ್ಥೆಗಳು ಭದ್ರತೆ, ಶುಲ್ಕದ ಲೆಕ್ಕ ಮತ್ತು ದೋಷಗಳ ಪತ್ತೆಗಾಗಿ ಇದನ್ನು ಇಡುತ್ತವೆ.

ಕಾರ್ಯವಿಧಾನ

ಜಾಲವನ್ನು ಸೇರುವ ಪ್ರತಿಯೊಂದು ಸಾಧನಕ್ಕೂ ಐಪಿ ವಿಳಾಸವೆಂಬ ಸಂಖ್ಯೆ ದೊರೆಯುತ್ತದೆ. ಮನೆಯ ಸಂಪರ್ಕಗಳಲ್ಲಿ ಇದು ಸಾಮಾನ್ಯವಾಗಿ ಶಾಶ್ವತವಲ್ಲ. ಇಂದು ರಾಜಾಜಿನಗರದ ಒಂದು ಮನೆಗೆ ದೊರೆತ ವಿಳಾಸ ನಾಳೆ ಕೆಂಗೇರಿಯ ಇನ್ನೊಂದು ಮನೆಗೆ ಹೋಗಬಹುದು. ಒಂದೇ ವಿಳಾಸವನ್ನು ಏಕಕಾಲದಲ್ಲಿ ಅನೇಕ ಗ್ರಾಹಕರು ಹಂಚಿಕೊಳ್ಳುವುದೂ ಉಂಟು. ಆದ್ದರಿಂದ ಸಂಪರ್ಕವನ್ನು ಗುರುತಿಸಲು ವಿಳಾಸದೊಡನೆ ದಿನಾಂಕ, ನಿಖರವಾದ ವೇಳೆ ಮತ್ತು ಕೆಲವೊಮ್ಮೆ ಪೋರ್ಟ್ ಸಂಖ್ಯೆಯೂ ಅಗತ್ಯ. ಭಾರತೀಯ ಕಾಲಮಾನವು ಜಾಗತಿಕ ಪ್ರಮಾಣ ಕಾಲಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. ಒಂದನ್ನು ಮತ್ತೊಂದೆಂದು ಓದಿದರೆ ದಾಖಲೆಯು ಬೇರೊಬ್ಬ ಗ್ರಾಹಕನತ್ತ ಬೆರಳು ತೋರಬಹುದು.

2007ರ ಬೆಂಗಳೂರು ಪ್ರಕರಣ

ಆರ್ಕುಟ್ ತಾಣದಲ್ಲಿ ಛತ್ರಪತಿ ಶಿವಾಜಿಯನ್ನು ಅವಮಾನಿಸುವ ಚಿತ್ರವನ್ನು ಪ್ರಕಟಿಸಿದ ಆರೋಪದ ಮೇಲೆ ಪುಣೆಯ ಪೊಲೀಸರು 2007ರ ಆಗಸ್ಟ್‌ನಲ್ಲಿ ಬೆಂಗಳೂರಿನ ತಂತ್ರಜ್ಞರೊಬ್ಬರನ್ನು ಬಂಧಿಸಿದರು. ಬಂಧನಕ್ಕೆ ಆಧಾರವಾಗಿದ್ದುದು ಅಂತರಜಾಲ ಸೇವಾ ಸಂಸ್ಥೆಯು ನೀಡಿದ ಐಪಿ ವಿಳಾಸದ ವಿವರ. ಆ ವಿವರವೇ ತಪ್ಪೆಂದು ಅನಂತರ ತಿಳಿದುಬಂದಿತು. ಅಷ್ಟರಲ್ಲಿ ನಿರಪರಾಧಿಯಾದ ಆ ವ್ಯಕ್ತಿ ಸುಮಾರು 50 ದಿನಗಳನ್ನು ಸೆರೆಮನೆಯಲ್ಲಿ ಕಳೆದಿದ್ದರು.

ಕಾನೂನು

ಸೈಬರ್ ಕೆಫೆಗಳಿಗಾಗಿ ಕರ್ನಾಟಕವು 2004ರಲ್ಲಿಯೇ ನಿಯಮಗಳನ್ನು ರೂಪಿಸಿತು. ಕೇಂದ್ರ ಸರ್ಕಾರದ 2011ರ ನಿಯಮಗಳು ಬಳಕೆದಾರರ ಗುರುತಿನ ಪರಿಶೀಲನೆಯನ್ನೂ ದಾಖಲೆಗಳನ್ನು ಕನಿಷ್ಠ ಒಂದು ವರ್ಷ ಕಾಯ್ದಿಡುವುದನ್ನೂ ಕಡ್ಡಾಯಗೊಳಿಸಿದವು. ಭಾರತೀಯ ಗಣಕ ತುರ್ತು ಸ್ಪಂದನಾ ತಂಡವಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಸೇವಾ ಸಂಸ್ಥೆಗಳು ಲಾಗ್‌ಗಳನ್ನು 180 ದಿನ ಇಡಬೇಕು ಮತ್ತು ತಮ್ಮ ಗಣಕಗಳ ಗಡಿಯಾರಗಳನ್ನು ನಿಗದಿತ ಕಾಲಸೂಚಕ ವ್ಯವಸ್ಥೆಗೆ ಹೊಂದಿಸಿಕೊಳ್ಳಬೇಕು.

ಇಂತಹ ದಾಖಲೆಗಳು ವ್ಯಕ್ತಿಯ ಖಾಸಗಿತನಕ್ಕೂ ಸಂಬಂಧಿಸಿವೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು.

ಮಿತಿಗಳು

ಎಚ್‌ಟಿಟಿಪಿಎಸ್ ಬಳಸುವ ತಾಣಗಳ ವಿಷಯದಲ್ಲಿ, ಸಂಪರ್ಕಿಸಿದ ತಾಣವು ಜಾಲದ ನಿರ್ವಾಹಕನಿಗೆ ಸಾಮಾನ್ಯವಾಗಿ ತಿಳಿಯುತ್ತದೆಯಾದರೂ ಅಲ್ಲಿ ಓದಿದ್ದು, ಬರೆದದ್ದು ತಿಳಿಯುವುದಿಲ್ಲ. ಮನೆಯ ವೈ-ಫೈ ಸಂಪರ್ಕವನ್ನು ಕುಟುಂಬದವರೂ ಅತಿಥಿಗಳೂ ಬಳಸುತ್ತಾರೆ. ದಾಖಲೆಯಲ್ಲಿರುವುದು ಗ್ರಾಹಕನ ಹೆಸರು ಮಾತ್ರ. ಹೀಗಾಗಿ ಲಾಗ್ ಸಂಪರ್ಕಕ್ಕೆ ಸಾಕ್ಷಿಯೇ ಹೊರತು ವ್ಯಕ್ತಿಗೆ ಅಲ್ಲ. ವ್ಯಕ್ತಿಯನ್ನು ಗುರುತಿಸಲು ಬೇರೆ ಪುರಾವೆಗಳೂ ಬೇಕಾಗುತ್ತವೆ.