ಜೀವದ ರೊಟ್ಟಿ

ಹೊಟ್ಟೆಯ ಹಸಿವು ಎಲ್ಲರಿಗೂ ಗೊತ್ತು. ಆತ್ಮದ ಹಸಿವೆಂದರೇನು? ಬೈಬಲ್ ಈ ಪ್ರಶ್ನೆಗೆ ಅನ್ನದ ಮಾತಿನಲ್ಲೇ ಉತ್ತರ ಕೊಡುತ್ತದೆ.

ಈಜಿಪ್ಟಿನ ದಾಸ್ಯದಿಂದ ಹೊರಟ ಇಸ್ರಾಯೇಲರಿಗೆ ಮರುಭೂಮಿಯಲ್ಲಿ ‘ಮನ್ನಾ’ ದೊರೆತ ಕಥೆ ವಿಮೋಚನಕಾಂಡದ 16ನೆಯ ಅಧ್ಯಾಯದಲ್ಲಿದೆ. ಅದನ್ನು ಆ ದಿನಕ್ಕೆ ಬೇಕಾದಷ್ಟೇ ಕೂಡಿಸಿಕೊಳ್ಳಬೇಕಿತ್ತು. ಮರುದಿನಕ್ಕೆಂದು ಉಳಿಸಿಕೊಂಡದ್ದು ಹುಳು ಬಿದ್ದು ನಾರಿತು. ಸಬ್ಬತ್ ದಿನದ ವಿಶ್ರಾಂತಿಗಾಗಿ ಹಿಂದಿನ ದಿನ ಎರಡರಷ್ಟು ಕೂಡಿಸಿದ್ದು ಮಾತ್ರ ಕೆಡಲಿಲ್ಲ. ದೇವರ ಮೇಲಿನ ಭರವಸೆಯೂ ಹೀಗೆಯೇ, ದಿನದಿನವೂ ಹೊಸದಾಗಿ ಪಡೆಯಬೇಕಾದದ್ದು. ಮನುಷ್ಯನ ಬದುಕಿಗೆ ರೊಟ್ಟಿಯೊಂದೇ ಸಾಲದು ಎಂದು ಧರ್ಮೋಪದೇಶಕಾಂಡ ಈ ಪಾಠವನ್ನು ನೆನಪಿಸುತ್ತದೆ. 40 ದಿನ ಉಪವಾಸವಿದ್ದ ಯೇಸುಸ್ವಾಮಿ ಸೈತಾನನಿಗೆ ಕೊಟ್ಟ ಉತ್ತರವೂ ಅದೇ.

ಹಾಗೆಂದು ಬೈಬಲ್ ರೊಟ್ಟಿಯನ್ನು ಕಡೆಗಣಿಸುವುದಿಲ್ಲ. ಯೋಹಾನನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಯೇಸು ಐದು ಜವೆಗೋದಿಯ ರೊಟ್ಟಿ, ಎರಡು ಮೀನುಗಳಿಂದ ಸುಮಾರು 5,000 ಗಂಡಸರಿದ್ದ ಗುಂಪನ್ನು ತಣಿಸುತ್ತಾರೆ. ತಾವೇ ಜೀವದ ರೊಟ್ಟಿ ಎಂದು ಹೇಳುವುದು ಮರುದಿನ. ಮೊದಲು ಊಟ, ಆಮೇಲೆ ಉಪದೇಶ!

ಇದನ್ನು ಮರೆತವರೂ ಇದ್ದರು. ಕೊರಿಂಥದ ಸಭೆಯಲ್ಲಿ ಪವಿತ್ರ ಭೋಜನಕ್ಕೆ ಕೂಡಿದಾಗ ಉಳ್ಳವರು ಮೊದಲೇ ಉಂಡು ಕುಡಿಯುತ್ತಿದ್ದರು, ಇಲ್ಲದವರು ಹಸಿದೇ ಉಳಿಯುತ್ತಿದ್ದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಪಂಕ್ತಿಭೇದ. ಅದು ಪ್ರಭುವಿನ ಭೋಜನವೇ ಅಲ್ಲವೆಂದು ಪೌಲ ತನ್ನ ಪತ್ರದಲ್ಲಿ ಖಂಡಿಸಿದ. ಪ್ರಾರ್ಥನೆ ಎಷ್ಟೇ ನಡೆದಿರಲಿ, ಪಕ್ಕದವನು ಹಸಿದಿದ್ದರೆ ಆತ್ಮಕ್ಕೆ ಪುಷ್ಟಿ ಎಲ್ಲಿಂದ ಬರಬೇಕು?

ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ದಿನದ ಆಹಾರ ಬೇಡುವ ಮಾತಿದೆ. ಅಲ್ಲಿ ‘ನನಗೆ’ ಎಂದಿಲ್ಲ, ‘ನಮಗೆ’ ಎಂದಿದೆ.