ನಿಲ್ಲದ ದೋಣಿ ಯಂತ್ರ: ಅರ್ಜಿದಾರರ ಗಮನಕ್ಕೆ

ಕಣಕುಂಬಿಯಲ್ಲಿ ಹುಟ್ಟಿ ಖಾನಾಪುರದ ಮೂಲಕ ಹರಿಯುವ ಮಲಪ್ರಭೆಗೆ ಮಳೆಗಾಲದಲ್ಲಿ ಸೆಳವು ಹೆಚ್ಚು. 2019ರ ಆಗಸ್ಟ್ ಪ್ರವಾಹದಲ್ಲಿ ಬೆಳಗಾವಿ ಜಿಲ್ಲೆಯ ಅನೇಕರನ್ನು ದೋಣಿಗಳಲ್ಲಿ ಸ್ಥಳಾಂತರಿಸಲಾಯಿತು. ಜನರು ಹತ್ತಿಳಿಯುವಾಗ ಯಂತ್ರವು ನಿಲ್ಲದಿದ್ದಲ್ಲಿ ತಿರುಗುವ ಪ್ರೊಪೆಲ್ಲರ್‌ನಿಂದ ಪ್ರಾಣಾಪಾಯ ಸಂಭವಿಸಬಹುದು.

ದೋಣಿಯ ಹಿಂಬದಿಗೆ ಜೋಡಿಸುವ ಚಿಕ್ಕ ಪೆಟ್ರೋಲ್ ಯಂತ್ರಗಳು ಕಿಡಿಗೆ ಬೇಕಾದ ವಿದ್ಯುತ್ತನ್ನು ಸಾಮಾನ್ಯವಾಗಿ ತಾವೇ ಉತ್ಪಾದಿಸಿಕೊಳ್ಳುತ್ತವೆ. ನಿಲುಗಡೆ ಗುಂಡಿಯನ್ನು ಒತ್ತಿದಾಗ ಆ ವಿದ್ಯುತ್ತು ಅರ್ಥಿಂಗ್ ತಂತಿಯ ಮೂಲಕ ಯಂತ್ರದ ಲೋಹದ ಭಾಗಕ್ಕೆ ಹರಿದು ಕಿಡಿ ನಿಲ್ಲುತ್ತದೆ. ಮನೆಯ ದೀಪದ ಸ್ವಿಚ್ಚಿಗೆ ಇದು ತದ್ವಿರುದ್ಧವಾದುದು. ತಂತಿ ತುಂಡಾದರೆ ದೀಪ ಆರುತ್ತದೆ. ಇಲ್ಲಿ ಯಂತ್ರವು ಓಡುತ್ತಲೇ ಇರುತ್ತದೆ. ಚಾಲಕನ ಮೈಗೆ ಕಟ್ಟುವ ಸುರಕ್ಷತಾ ಹಗ್ಗವೂ ಬಹುತೇಕ ಇದೇ ತಂತಿಯನ್ನು ಅವಲಂಬಿಸಿರುವುದರಿಂದ ಅದನ್ನು ಎಳೆದರೂ ಪ್ರಯೋಜನವಾಗದು.

ಇಂತಹ ಸಂದರ್ಭದಲ್ಲಿ ಮೊದಲು ವೇಗವನ್ನು ತಗ್ಗಿಸಿ ಗೇರನ್ನು ನ್ಯೂಟ್ರಲ್‌ಗೆ ತರತಕ್ಕದ್ದು. ನಂತರ ಚೋಕ್ ಅನ್ನು ಪೂರ್ಣವಾಗಿ ಎಳೆದಲ್ಲಿ ಗಾಳಿ ಸಾಲದೆ ಯಂತ್ರವು ಸಾಮಾನ್ಯವಾಗಿ ನಿಲ್ಲುತ್ತದೆ. ನಿಲ್ಲದಿದ್ದಲ್ಲಿ ಪೆಟ್ರೋಲ್ ಪೂರೈಕೆಯನ್ನು ಬಂದ್ ಮಾಡಬೇಕು; ಕಾರ್ಬುರೇಟರ್‌ನಲ್ಲಿ ಉಳಿದ ಇಂಧನ ಮುಗಿಯುವವರೆಗೆ ಕಾಯಬೇಕಾಗುತ್ತದೆ. ಪ್ಲಗ್ ತಂತಿಯನ್ನು ಕೈಯಿಂದ ಕೀಳಕೂಡದು: ವಿದ್ಯುತ್ ಆಘಾತವಾಗಬಹುದು, ಪೆಟ್ರೋಲ್ ಆವಿಗೆ ಕಿಡಿ ತಗುಲಬಹುದು. ಓಡುತ್ತಿರುವ ಯಂತ್ರವನ್ನು ನೀರಿನಿಂದ ಮೇಲೆತ್ತುವುದೂ ಸಲ್ಲದು. ಅದನ್ನು ತಂಪಾಗಿಡುವುದು ಆ ನೀರೇ.

ಯಂತ್ರ ನಿಂತ ಬಳಿಕ ಗುಂಡಿಯ ತಂತಿ ಕಳಚಿದೆಯೇ, ಜೋಡಣೆಗೆ ತುಕ್ಕು ಹಿಡಿದಿದೆಯೇ ಎಂಬುದನ್ನು ಮೆಕ್ಯಾನಿಕ್‌ರಿಂದ ಪರೀಕ್ಷಿಸಿಕೊಳ್ಳುವುದು. ಒಳನಾಡು ನೌಕೆಗಳ ಅಧಿನಿಯಮ, 2021ರ ಮೇರೆಗೆ ಯಂತ್ರಚಾಲಿತ ನೌಕೆಗಳ ತಪಾಸಣೆ ಮತ್ತು ನೋಂದಣಿಗೆ ಅರ್ಜಿ ಸಲ್ಲಿಸುವವರು ಈ ದೋಷವನ್ನು ಮುಂಚಿತವಾಗಿಯೇ ಸರಿಪಡಿಸಿಕೊಳ್ಳಲು ಕೋರಲಾಗಿದೆ.