ಕುರಿಗಳ ನಾಡಿನಲ್ಲಿ ಪಳಗಿದ ಕಪ್ತಾನ

ದೇಶ ಸುತ್ತು, ಕೋಶ ಓದು ಎಂದರು ಹಿರಿಯರು. ಮುಂಬಯಿ ಕನ್ನಡಿಗರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೀಸೆ ಚಿಗುರುವ ಮೊದಲೇ ಹುಟ್ಟೂರು ಬಿಟ್ಟು, ಹಗಲು ಹೊಟೇಲು, ಕ್ಯಾಂಟೀನುಗಳಲ್ಲಿ ದುಡಿದು, ಸಂಜೆ ರಾತ್ರಿಶಾಲೆಯ ಬೆಂಚಿನಲ್ಲಿ ಕುಳಿತು ಮೇಲೆ ಬಂದವರ ಕಥೆ ನಮ್ಮಲ್ಲಿ ಬೇಕಾದಷ್ಟಿದೆ. ಆದರೆ ಆಟ ಕಲಿಯಲೆಂದೇ ಮನೆ ಬಿಟ್ಟು ಭೂಗೋಳದ ಇನ್ನೊಂದು ತುದಿಗೆ ಹೋದವರು ಅಪರೂಪ. ಹಾಗೆ ಹೋಗಿ ಬಂದು, ಮುಂದೆ ವಿಶ್ವಕಪ್ ಎತ್ತಿ ಹಿಡಿದವರು ಇಂಗ್ಲೆಂಡಿನ ರಗ್ಬಿ ಆಟಗಾರ ಮಾರ್ಟಿನ್ ಜಾನ್ಸನ್.

1970ರಲ್ಲಿ ಜನಿಸಿದ ಜಾನ್ಸನ್ ಬೆಳೆದದ್ದು ಲೆಸ್ಟರ್‌ಶೈರ್‌ನ ಮಾರ್ಕೆಟ್ ಹಾರ್ಬರೊ ಎಂಬ ಪುಟ್ಟ ಪೇಟೆಯಲ್ಲಿ. ಆರೂವರೆ ಅಡಿ ಮೀರಿದ ಆಜಾನುಬಾಹು. ರಗ್ಬಿಯಲ್ಲಿ ಇಂಥವರಿಗೆ 'ಲಾಕ್' ಎಂಬ ಸ್ಥಾನ. ಎರಡೂ ಕಡೆಯ ಎಂಟೆಂಟು ಮಂದಿ ತಲೆತಗ್ಗಿಸಿ ಪರಸ್ಪರ ದೂಡುವ 'ಸ್ಕ್ರಮ್'ನಲ್ಲಿ ಎರಡನೇ ಸಾಲಿನಲ್ಲಿ ನಿಂತು ಬಲ ತುಂಬುವುದು, ಗೆರೆಯಾಚೆಯಿಂದ ಎಸೆದ ಚೆಂಡನ್ನು ಎಲ್ಲರಿಗಿಂತ ಎತ್ತರಕ್ಕೆ ನೆಗೆದು ಹಿಡಿಯುವುದು ಇವರ ಕೆಲಸ. ಗೋಲು ಹೊಡೆದ ಕೀರ್ತಿ ಬೇರೆಯವರಿಗೆ, ಮೈಕೈ ನೋವು ಇವರಿಗೆ!

ಬಂತು ಕರೆ

1989. ಜಾನ್ಸನ್‌ಗೆ ಆಗಷ್ಟೇ 19 ವರ್ಷ. ನ್ಯೂಝಿಲೆಂಡ್‌ನ ಕಿಂಗ್ ಕಂಟ್ರಿ ಪ್ರಾಂತದಿಂದ ಆಯ್ಕೆ ಪರೀಕ್ಷೆಗೆ ಬರುವಂತೆ ಆಹ್ವಾನ ಬಂತು. ಕರೆದವರು ಸಾಮಾನ್ಯರಲ್ಲ, ಕಾಲಿನ್ ಮೀಡ್ಸ್. 1957ರಿಂದ 1971ರವರೆಗೆ ಆಲ್ ಬ್ಲ್ಯಾಕ್ಸ್ ತಂಡಕ್ಕಾಗಿ 55 ಟೆಸ್ಟ್ ಆಡಿದ, 'ಪೈನ್‌ಟ್ರೀ' ಎಂದೇ ಹೆಸರಾದ ದಂತಕಥೆ. ವೃತ್ತಿಯಲ್ಲಿ ರೈತ. ಎರಡು ಕಂಕುಳಲ್ಲೂ ಒಂದೊಂದು ಕುರಿ ಇರುಕಿಕೊಂಡು ಗುಡ್ಡ ಹತ್ತಿ ಅಭ್ಯಾಸ ಮಾಡುತ್ತಿದ್ದರೆಂಬ ಕಥೆ ಇಂದಿಗೂ ಅಲ್ಲಿ ಪ್ರಚಲಿತ. ಅವರೂ ಆಡುತ್ತಿದ್ದುದು ಲಾಕ್ ಸ್ಥಾನದಲ್ಲೇ.

ಇಲ್ಲೊಂದು ವಿಷಯ ಗಮನಿಸಬೇಕು. ರಗ್ಬಿ ಯೂನಿಯನ್ ಆಟ ಅಧಿಕೃತವಾಗಿ ವೃತ್ತಿಪರವಾದದ್ದು 1995ರ ಆಗಸ್ಟ್‌ನಲ್ಲಿ. ಅದಕ್ಕೂ ಮೊದಲು ಆಡಿದ್ದಕ್ಕೆ ಸಂಬಳವಿರಲಿಲ್ಲ. ಹೊರದೇಶಕ್ಕೆ ಹೋದ ಹುಡುಗರು ಯಾರದೋ ಆಸರೆಯಲ್ಲಿದ್ದು, ಸಿಕ್ಕ ಕೆಲಸ ಮಾಡಿ, ಸಂಜೆ ಮೈದಾನಕ್ಕಿಳಿಯಬೇಕಿತ್ತು. ಅದೂ ನ್ಯೂಝಿಲೆಂಡ್ ಎಂದರೆ 1987ರ ಪ್ರಪ್ರಥಮ ವಿಶ್ವಕಪ್ ಗೆದ್ದು ಬೀಗುತ್ತಿದ್ದ ನಾಡು. ಅಲ್ಲಿ ರಗ್ಬಿ ಬರೀ ಆಟವಲ್ಲ, ಊರಿನ ಮರ್ಯಾದೆ. ಇಂಗ್ಲೆಂಡಿನಿಂದ ಬಂದ ಹುಡುಗನಿಗೆ ರಿಯಾಯಿತಿ ತೋರುವವರು ಯಾರು?

ಕೆಸರಿನ ಪಾಠಶಾಲೆ

ಉತ್ತರ ದ್ವೀಪದ ನಡುವಿನ ಗುಡ್ಡಗಾಡಾದ ಕಿಂಗ್ ಕಂಟ್ರಿಯಲ್ಲಿ ಮನುಷ್ಯರಿಗಿಂತ ಕುರಿಗಳೇ ಕಣ್ಣಿಗೆ ಬೀಳುವುದು ಹೆಚ್ಚು. ಇಂಗ್ಲೆಂಡಿನಲ್ಲಿ ಬೇಸಗೆಯಿದ್ದಾಗ ಅಲ್ಲಿ ಚಳಿಗಾಲ. ರಗ್ಬಿ ಋತು ಅದೇ. ಜಾನ್ಸನ್ ಮೊದಲು ಕಾಲೇಜ್ ಓಲ್ಡ್ ಬಾಯ್ಸ್ ಎಂಬ ಸ್ಥಳೀಯ ಕ್ಲಬ್ಬಿಗೆ ಆಡಿದರು. ಬೇಗನೇ ಪ್ರಾಂತದ ತಂಡಕ್ಕೆ ಆಯ್ಕೆಯಾದರು. ಒಂದು ಋತುವಿಗೆಂದು ಹೋದದ್ದು ಎರಡಾಯಿತು.

1990ರಲ್ಲಿ ಇನ್ನೂ ದೊಡ್ಡ ಅವಕಾಶ ಒದಗಿತು. 21ರ ಕೆಳಹರೆಯದ ನ್ಯೂಝಿಲೆಂಡ್ ತಂಡದೊಂದಿಗೆ ಆಸ್ಟ್ರೇಲಿಯಾ ಪ್ರವಾಸ! ಎದುರಾಳಿ ತಂಡದಲ್ಲಿದ್ದವರು ಮುಂದೆ ಆಸ್ಟ್ರೇಲಿಯಾದ ನಾಯಕರಾದ ಜಾನ್ ಈಲ್ಸ್. ಇಂಗ್ಲೆಂಡಿನ ತರುಣ ಕಪ್ಪು ಜೆರ್ಸಿಯ ನಾಡಿನ ಪರವಾಗಿ ಆಡುವುದೆಂದರೆ ಸಣ್ಣ ಮಾತಲ್ಲ. ಅಲ್ಲೇ ನೆಲೆ ನಿಲ್ಲುವ ದಾರಿ ಅವರೆದುರು ತೆರೆದೇ ಇತ್ತು. ಮುಂದೆ ಕೈಹಿಡಿದ ಪತ್ನಿ ಕೂಡ ನ್ಯೂಝಿಲೆಂಡ್‌ನವರೇ. ಹೋಗುವುದೋ, ಉಳಿಯುವುದೋ? ಪರವೂರಿನಲ್ಲಿ ಒಮ್ಮೆ ಬೇರು ಬಿಟ್ಟ ಪ್ರತಿಯೊಬ್ಬರನ್ನೂ ಕಾಡುವ ಪ್ರಶ್ನೆಯಿದು. ಜಾನ್ಸನ್ ತಾಯ್ನಾಡಿಗೆ ಮರಳಿದರು.

ಮರಳಿ ಅದೇ ಮಣ್ಣಿಗೆ

1993ರ ಜನವರಿಯಲ್ಲಿ ಫ್ರಾನ್ಸ್ ವಿರುದ್ಧ ಇಂಗ್ಲೆಂಡ್ ಪರ ಮೊದಲ ಪಂದ್ಯ. 1997ರಲ್ಲಿ ಬ್ರಿಟಿಷ್ ಲಯನ್ಸ್ ತಂಡದ ನಾಯಕರಾಗಿ ದಕ್ಷಿಣ ಆಫ್ರಿಕದಲ್ಲಿ ಸರಣಿ ವಿಜಯ. ಆದರೆ ಕಥೆಯ ತಿರುಳಿರುವುದು 2003ರ ಜೂನ್‌ನಲ್ಲಿ. ತಾನು ಆಟ ಕಲಿತ ನಾಡಿಗೆ ಅವರು ಎದುರಾಳಿ ಕಪ್ತಾನರಾಗಿ ಬಂದಿಳಿದರು. ವೆಲ್ಲಿಂಗ್ಟನ್ ಪಂದ್ಯದಲ್ಲಿ ಇಂಗ್ಲೆಂಡಿನ ಇಬ್ಬರು ಆಟಗಾರರು ಶಿಕ್ಷೆಗೊಳಗಾಗಿ ಹೊರಗೆ ಕುಳಿತಿದ್ದಾಗ, ತಮ್ಮ ಗೆರೆಯ ಅಂಚಿನಲ್ಲೇ ಆರು ಮಂದಿ ಎಂಟು ಮಂದಿಯ ಸ್ಕ್ರಮ್ಮನ್ನು ತಡೆದು ನಿಂತರು. 15-13ರಿಂದ ಗೆಲುವು. ನ್ಯೂಝಿಲೆಂಡ್ ನೆಲದಲ್ಲಿ ಇಂಗ್ಲೆಂಡ್ ಗೆದ್ದದ್ದು 1973ರ ಬಳಿಕ ಅದೇ ಮೊದಲು. ಗುರುವಿನ ಮನೆಯಂಗಳದಲ್ಲೇ ಕೊಟ್ಟ ಗುರುದಕ್ಷಿಣೆಯೆನ್ನಬೇಕು! ಅದೇ ವರ್ಷ ನವೆಂಬರ್ 22ರಂದು ಸಿಡ್ನಿಯಲ್ಲಿ ಆಸ್ಟ್ರೇಲಿಯಾವನ್ನು 20-17ರಿಂದ ಮಣಿಸಿ ವಿಶ್ವಕಪ್ ಎತ್ತಿದ ಕೈಗಳೂ ಅವರವೇ. ಕಾಲಿನ್ ಮೀಡ್ಸ್ 2017ರಲ್ಲಿ ನಿಧನರಾದರು.

ನಮಗೂ ನಂಟುಂಟು

ರಗ್ಬಿ ನಮಗೆ ಅಪರಿಚಿತವೆನ್ನುವಂತಿಲ್ಲ. ಇಂಗ್ಲೆಂಡ್-ಸ್ಕಾಟ್ಲೆಂಡ್ ತಂಡಗಳು ವರ್ಷವರ್ಷ ಸೆಣಸುವುದು 'ಕಲ್ಕತ್ತ ಕಪ್'ಗಾಗಿ. ಕಲ್ಕತ್ತದ ಕ್ಲಬ್ಬೊಂದು 1878ರಲ್ಲಿ ಮುಚ್ಚಿದಾಗ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿದ ಕಪ್ಪದು. ಹಿಡಿಗಳು ಮೂರು ನಾಗರ ಹಾವು, ಮುಚ್ಚಳದ ಮೇಲೆ ಆನೆ. ನಮ್ಮ ಮಹಾನಗರದಲ್ಲೂ 2025ರ ಜೂನ್‌ನಲ್ಲಿ ಅಂಧೇರಿಯ ಕ್ರೀಡಾ ಸಂಕೀರ್ಣದಲ್ಲಿ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ಜರಗಿತು. ಬೆಂಗಳೂರು ಬ್ರೇವ್‌ಹಾರ್ಟ್ಸ್ ಸೇರಿದಂತೆ ಆರು ತಂಡಗಳಲ್ಲಿ ಚೆನ್ನೈ ಬುಲ್ಸ್ ಪ್ರಶಸ್ತಿ ಗೆದ್ದಿತು. ವಿದೇಶೀ ತಾರೆಗಳ ಹೆಗಲಿಗೆ ಹೆಗಲು ಕೊಟ್ಟು ನಮ್ಮ ಹುಡುಗರು ಆಡಿದರು.

ಮಕ್ಕಳು ಕ್ರಿಕೆಟ್ ಬಿಟ್ಟು ಬೇರೆ ಆಟ ಆಡುತ್ತೇವೆ, ಅದನ್ನು ಕಲಿಯಲು ದೂರ ಹೋಗುತ್ತೇವೆ ಎಂದರೆ ಹೆತ್ತವರ ಎದೆ ಡವಗುಟ್ಟುವುದು ಸಹಜ. ಆಗ ನಮ್ಮ ಹಿರಿಯರು ಬೊಂಬಾಯಿಗೆ ಬಸ್ಸು ಹತ್ತಿದ ದಿನವನ್ನು ಒಮ್ಮೆ ನೆನಪಿಸಿಕೊಂಡರೆ ಸಾಕು. ಅಂದು ಅವರನ್ನು ಕಳುಹಿಸಿಕೊಟ್ಟ ಅಜ್ಜಿಯಂದಿರಿಗೂ ಧೈರ್ಯವೇನು ಹೆಚ್ಚಿರಲಿಲ್ಲ.